ಲೋಟದಲ್ಲಿ ಸಿಕ್ಕ ಆಲೆಮನೆ

ಹೋದ ಡಿಸೆಂಬರಿನಲ್ಲಿ ನಮ್ಮ ಟೀಮಿನ ಗೆಳೆಯನೊಬ್ಬ ಲಂಡನ್ನಿನಿಂದ ವಾಪಸ್ ಬರುವಾಗ ಒಂದು ಬಾಟಲಿ ತಂದಿದ್ದ. ಲೇಬಲ್ ಮೇಲೆ ನೀಲಿ-ಹಳದಿ ಬಣ್ಣದ ದೊಡ್ಡ ಗಿಣಿ. ಹೆಸರು ಡೂರ್ಲೀಸ್ ಎಕ್ಸ್‌ಓ, ಬಾರ್ಬಡೋಸ್ ದ್ವೀಪದ ರಮ್. 'ಇದಕ್ಕೆ ಯಾರಾದ್ರೂ ಕೋಕ್ ಸುರಿದ್ರೆ ಮನೆಯಿಂದ ಆಚೆ ಹಾಕ್ತೀನಿ' ಅಂತ ಮೊದಲೇ ವಾರ್ನಿಂಗ್ ಕೊಟ್ಟು, ಸಣ್ಣ ಬಾಯಿಯ ಲೋಟಗಳಲ್ಲಿ ಎರಡೆರಡು ಗುಟುಕು ಹಾಕಿಕೊಟ್ಟ.

ರಮ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಹಾಸ್ಟೆಲ್ಲು, ಓಲ್ಡ್ ಮಾಂಕು, ನೆಗಡಿಗೆ ಔಷಧಿ. ನನಗೂ ಅಷ್ಟೇ. ಆದರೆ ಅವತ್ತು ಮೂಗು ಹತ್ತಿರ ತಂದ ಕೂಡಲೇ ಮೊದಲು ಒಣದ್ರಾಕ್ಷಿ, ಖರ್ಜೂರದ ವಾಸನೆ ಬಂತು. ಅದರ ಹಿಂದೆಯೇ ಇನ್ನೊಂದು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಕುದ್ದು, ನೊರೆ ಇಳಿದು, ಪಾಕ ಗಟ್ಟಿಯಾಗುವ ಹೊತ್ತಿಗೆ ಬರುತ್ತಲ್ಲ, ಅದು. ಮಂಡ್ಯ ಕಡೆಯ ಹಳ್ಳಿಯಲ್ಲಿ ಬೆಳೆದ ನನಗೆ ಈ ವಾಸನೆಯನ್ನು ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. 'ಇದು ನಮ್ಮೂರ ಆಲೆಮನೆ ಕಣ್ರೋ' ಅಂದೆ. ಎಲ್ಲರೂ ನಕ್ಕರು. 'ಅದು ಶೆರಿ ಪೀಪಾಯಿಯ ವಾಸನೆ, ಬಾಟಲಿ ಮೇಲೇ ಬರೆದಿದೆ ನೋಡು' ಅಂದ ಗೆಳೆಯ.

ಯಾರು ಸರಿ? ಬಗ್ ಸಿಕ್ಕಿದರೆ ಬಿಡುವ ಜಾತಿ ನಮ್ಮದಲ್ಲ. ಎರಡು ತಿಂಗಳು ಬಿಡುವು ಸಿಕ್ಕಾಗೆಲ್ಲ ಓದಿದೆ. ಓದ್ತಾ ಹೋದಂತೆ ಆ ಎರಡು ಗುಟುಕಿನೊಳಗೆ ಮೂರು ಖಂಡ, ನಾಲ್ಕು ಶತಮಾನ ಇರೋದು ಗೊತ್ತಾಯ್ತು.

ಮೊದಲು ಕಬ್ಬಿಗೆ ಹೋಗೋಣ. ಇಂಗ್ಲಿಷರು ಬಾರ್ಬಡೋಸಿನಲ್ಲಿ ನೆಲೆಯೂರಿದ್ದು 1627ರಲ್ಲಿ. ಮೊದಲು ತಂಬಾಕು, ಹತ್ತಿ ಬೆಳೆದು ನೋಡಿದರು, ಸರಿಹೋಗಲಿಲ್ಲ. 1640ರ ದಶಕದಲ್ಲಿ ಬ್ರೆಜಿಲ್ ಕಡೆಯಿಂದ ಸಕ್ಕರೆ ಮಾಡುವ ವಿದ್ಯೆ ಬಂತು. ಹತ್ತಿಪ್ಪತ್ತು ವರ್ಷದಲ್ಲಿ ದ್ವೀಪದ ಕಾಡೆಲ್ಲ ಕಬ್ಬಿನ ಗದ್ದೆಯಾಯಿತು. 1647ರಿಂದ 1650ರವರೆಗೆ ಅಲ್ಲಿದ್ದ ರಿಚರ್ಡ್ ಲಿಗನ್ ಎಂಬಾತ 1657ರಲ್ಲಿ ದ್ವೀಪದ ಬಗ್ಗೆ ಒಂದು ಪುಸ್ತಕ ಬರೆದ. ಗಾಣ, ಸಾಲಾಗಿ ಕೂರಿಸಿದ ತಾಮ್ರದ ಕೊಪ್ಪರಿಗೆಗಳು, ಒಂದರಿಂದ ಒಂದಕ್ಕೆ ರಸ ದಾಟಿಸುತ್ತಾ ಪಾಕ ಮಾಡುವ ಕ್ರಮ ಎಲ್ಲ ಅದರಲ್ಲಿದೆ. ಓದುತ್ತಿದ್ದರೆ ನಮ್ಮೂರ ಆಲೆಮನೆಯನ್ನೇ ನೋಡಿ ಬರೆದ ಹಾಗಿದೆ.

ಸಕ್ಕರೆ ಹರಳುಗಟ್ಟಿದ ಮೇಲೆ ಉಳಿಯುವ ಕಪ್ಪು, ಅಂಟು ಪಾಕವೇ ಕಾಕಂಬಿ. ಅದನ್ನು ಏನು ಮಾಡುವುದು? ನೀರು ಬೆರೆಸಿ ಹುಳಿಯಲು ಬಿಟ್ಟು, ಭಟ್ಟಿ ಇಳಿಸಿದರು. ಅದಕ್ಕೆ ಅವರಿಟ್ಟ ಹೆಸರು 'ಕಿಲ್ ಡೆವಿಲ್', ಅಂದರೆ ದೆವ್ವವನ್ನೇ ಕೊಲ್ಲುವಂಥದ್ದು. ಲಿಗನ್ ಪ್ರಕಾರ ಅದು ಬಹಳ ಖಡಕ್, ಆದರೆ ರುಚಿ ಅಷ್ಟಕ್ಕಷ್ಟೇ. ರಮ್ ಎಂಬ ಹೆಸರು ಬಂದದ್ದು ಆಮೇಲೆ. ಈಗ ಬಾಟಲಿ ಮೇಲೆ ಚಿನ್ನದ ಅಕ್ಷರದಲ್ಲಿ ಎಕ್ಸ್‌ಓ ಅಂತ ಹಾಕಿಕೊಳ್ಳುವ ಮಾಲಿನ ಮೂಲ ಒಂದು ವೇಸ್ಟ್ ಮ್ಯಾನೇಜ್‌ಮೆಂಟ್ ಉಪಾಯ.

ಇಷ್ಟೇ ಆಗಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಆ ಗಾಣಕ್ಕೆ ಕಬ್ಬು ಕೊಟ್ಟವರು, ಕೊಪ್ಪರಿಗೆ ಮುಂದೆ ಬೆಂದವರು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು ಮಾರಿದ ಗುಲಾಮರು. ಅವರು ಮನುಷ್ಯರಲ್ಲ, ಮಾಲೀಕನ ಸ್ವತ್ತು ಎಂಬಂತೆ ನಡೆಸಿಕೊಳ್ಳುವ ಕಾಯಿದೆ ಬಾರ್ಬಡೋಸಿನಲ್ಲಿ 1661ರಲ್ಲಿ ಬಂತು. ಅದನ್ನೇ ಟೆಂಪ್ಲೇಟ್ ಮಾಡಿಕೊಂಡು ಜಮೈಕಾ, ಆಮೇಲೆ ಸೌತ್ ಕ್ಯಾರೊಲಿನಾ ತಮ್ಮ ಕಾಯಿದೆ ಬರೆದುಕೊಂಡವು. ಕೆರಿಬಿಯನ್ ಗಾಣಗಳ ಪಕ್ಕದಲ್ಲಿ ಒಂದು ಕೊಡಲಿ ಇಟ್ಟಿರುತ್ತಿದ್ದರಂತೆ. ರಾತ್ರಿಯೆಲ್ಲ ಕೆಲಸ ಮಾಡಿ ತೂಕಡಿಸಿದವನ ಕೈ ಉರುಳೆಗೆ ಸಿಕ್ಕಿದರೆ, ಮೈಯೂ ಒಳಗೆ ಹೋಗುವ ಮೊದಲು ಕೈ ಕತ್ತರಿಸಲಿಕ್ಕೆ. ಇದನ್ನು ಓದಿದ ದಿನ ನನಗೆ ನಮ್ಮೂರ ಗಾಣದಲ್ಲಿ ಎರಡು ಬೆರಳು ಕಳಕೊಂಡ ಒಬ್ಬರ ನೆನಪಾಯ್ತು. ನಾವು ಹುಡುಗರು ಅವರ ಹತ್ತಿರ ಬಿಸಿ ಬೆಲ್ಲ ಕೇಳಲು ಹೋಗುತ್ತಿದ್ದೆವು. ಅವರು ಮನೆಗೆ ಹೋಗಬಹುದಿತ್ತು, ಬೇಡ ಅಂದರೆ ಬೇರೆ ಕೆಲಸ ನೋಡಿಕೊಳ್ಳಬಹುದಿತ್ತು. ವ್ಯತ್ಯಾಸ ಅಷ್ಟು ದೊಡ್ಡದು. ವಾಸನೆ ಮಾತ್ರ ಎರಡೂ ಕಡೆ ಒಂದೇ ಇದ್ದಿರಬೇಕು.

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ 1834ರಲ್ಲಿ ಕಾಗದದ ಮೇಲೆ ಮುಗಿಯಿತು. 'ಅಪ್ರೆಂಟಿಸ್' ಎಂಬ ಹೆಸರಿನಲ್ಲಿ ಎಳೆದಾಡಿ ನಿಜವಾಗಿ ಮುಗಿದದ್ದು 1838ರಲ್ಲಿ. ಅದೇ ವರ್ಷ ಪಕ್ಕದ ಬ್ರಿಟಿಷ್ ಗಯಾನಾದ ಕಬ್ಬಿನ ತೋಟಗಳಿಗೆ ಕಲ್ಕತ್ತೆಯಿಂದ ಎರಡು ಹಡಗು ಹೊರಟವು, ವಿಟ್ಬಿ ಮತ್ತು ಹೆಸ್ಪೆರಸ್. ಒಳಗಿದ್ದವರು ನಮ್ಮ ದೇಶದ ಕೂಲಿಗಳು, ಕರಾರಿಗೆ ಹೆಬ್ಬೆಟ್ಟು ಒತ್ತಿದವರು. ಡೆಮೆರಾರಾ ರಮ್ ಎಂದು ಹೆಸರಾದ ಮಾಲಿನ ಹಿಂದೆ ಅವರ ಬೆವರೂ ಇದೆ.

ಈಗ ಪೀಪಾಯಿಗೆ ಬರೋಣ. ಭಟ್ಟಿಯಿಂದ ಇಳಿದ ರಮ್ ನೀರಿನಷ್ಟೇ ಬಿಳಿ. ಹಡಗಿನಲ್ಲಿ ಸಾಗಿಸಲು ಮರದ ಪೀಪಾಯಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ತಿಂಗಳುಗಟ್ಟಲೆ ಮರದಲ್ಲಿ ಕೂತು ಇಂಗ್ಲೆಂಡ್ ಸೇರಿದ ರಮ್ ಬಣ್ಣ ತಿರುಗಿ, ಖಾರ ಇಳಿದು ಕುಡಿಯೋ ಹದಕ್ಕೆ ಬಂದಿರುತ್ತಿತ್ತು. ಮಾಗಿಸುವುದನ್ನು ಯಾರೂ ಪ್ಲಾನ್ ಮಾಡಿ ಕಂಡುಹಿಡಿಯಲಿಲ್ಲ, ಅದು ಸಾಗಾಟದ ಸೈಡ್ ಎಫೆಕ್ಟು.

ಇವತ್ತು ಬಾರ್ಬಡೋಸಿನ ರಮ್ ಹೆಚ್ಚಾಗಿ ಮಾಗುವುದು ಅಮೆರಿಕದ ಬೂರ್ಬನ್ ವಿಸ್ಕಿಯ ಹಳೇ ಪೀಪಾಯಿಗಳಲ್ಲಿ. ಕಾರಣ ರುಚಿಗಿಂತ ಹೆಚ್ಚಾಗಿ ಕಾನೂನು. 1930ರ ದಶಕದಲ್ಲಿ ಅಮೆರಿಕ ಒಂದು ನಿಯಮ ಮಾಡಿತು: ಬೂರ್ಬನ್ ಎನಿಸಿಕೊಳ್ಳಬೇಕಾದರೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಹಾಗಾಗಿ ಒಂದು ಸಲ ಬಳಸಿದ, ಸುಮಾರು 200 ಲೀಟರಿನ ಪೀಪಾಯಿಗಳು ರಾಶಿ ರಾಶಿ ಉಳಿದು ಅಗ್ಗಕ್ಕೆ ಸಿಗತೊಡಗಿದವು.

ಶೆರಿಯದು ಇದಕ್ಕಿಂತ ಸ್ವಾರಸ್ಯದ ಕಥೆ. ಶೆರಿ ಅಂದರೆ ದಕ್ಷಿಣ ಸ್ಪೇನಿನ ಹೆರೆಸ್ ಊರಿನ ಸುತ್ತಮುತ್ತ ಮಾಡುವ ವೈನು. ಊರಿನ ಅರಬ್ಬಿ ಹೆಸರು ಶೆರಿಶ್, ಅದೇ ಇಂಗ್ಲಿಷರ ಬಾಯಲ್ಲಿ ಶೆರಿ ಆಯಿತು. ಅದರಲ್ಲಿ ಒಲೊರೊಸೊ ಎಂಬ ಬಗೆಯನ್ನು ವರ್ಷಾನುಗಟ್ಟಲೆ ಗಾಳಿಗೆ ಒಡ್ಡಿಕೊಂಡೇ ಮಾಗಿಸುತ್ತಾರೆ. ಅದಕ್ಕೇ ಆ ಗಾಢ ಬಣ್ಣ, ಒಣಹಣ್ಣು, ಅಕ್ರೋಟಿನ ವಾಸನೆ. ಪೆಡ್ರೊ ಹಿಮೆನೆಸ್ ಎಂಬ ಇನ್ನೊಂದು ಬಗೆಗೆ ದ್ರಾಕ್ಷಿಯನ್ನು ಬಿಸಿಲಿಗೆ ಹರಡಿ ಒಣಗಿಸಿ ಆಮೇಲೆ ಹಿಂಡುತ್ತಾರೆ, ಅದು ಪಾನಕದ ಹಾಗೆ ಸಿಹಿ. ಬ್ರಿಟನ್ನಿಗೆ ಪೀಪಾಯಿಗಟ್ಟಲೆ ಶೆರಿ ಹೋಗುತ್ತಿತ್ತು. ಖಾಲಿ ಪೀಪಾಯಿಯನ್ನು ವಾಪಸ್ ಕಳಿಸುವ ಖರ್ಚು ಯಾರಿಗೆ ಬೇಕು? ಸ್ಕಾಟ್‌ಲೆಂಡಿನವರು ವಿಸ್ಕಿ ತುಂಬಿಸಿಕೊಂಡರು. ಆದರೆ 1980ರ ದಶಕದಲ್ಲಿ ಶೆರಿಯನ್ನು ಸ್ಪೇನಿನಲ್ಲೇ ಬಾಟಲಿಗೆ ತುಂಬಬೇಕು ಎಂಬ ನಿಯಮ ಬಂತು. ಪೀಪಾಯಿಗಳ ಬರವು ನಿಂತುಹೋಯಿತು.

ಆಗ ಏನಾಯ್ತು ಗೊತ್ತಾ? ವಿಸ್ಕಿಯವರು, ರಮ್ಮಿನವರು ಕೇಳಿದ್ದಕ್ಕೇ ಹೆರೆಸಿನಲ್ಲಿ ಹೊಸ ಪೀಪಾಯಿ ಮಾಡಿ, ಅದರಲ್ಲಿ ಒಂದೆರಡು ವರ್ಷ ಶೆರಿ ಇಟ್ಟು, ಮರಕ್ಕೆ ರುಚಿ ಹಿಡಿಸಿ ಮಾರುವ ಧಂಧೆಯೇ ಶುರುವಾಯಿತು. ಮೊದಲು ಶೆರಿಗಾಗಿ ಪೀಪಾಯಿ ಇತ್ತು, ಈಗ ಪೀಪಾಯಿಗಾಗಿ ಶೆರಿ. 'ಶೆರಿ ಕ್ಯಾಸ್ಕ್' ಎಂದು ಓದಿದಾಗ ಅಜ್ಜನ ಕಾಲದ ನೆಲಮಾಳಿಗೆಯಲ್ಲಿ ಧೂಳು ಹಿಡಿದ ಪೀಪಾಯಿ ನಮ್ಮ ಕಣ್ಮುಂದೆ ಬರುತ್ತದಲ್ಲ, ಅದು ಬಹುಮಟ್ಟಿಗೆ ಕಲ್ಪನೆ.

ಒಂದು ಪೀಪಾಯಿಯಲ್ಲಿ ಮಾಗಿಸಿ ಕೊನೆಗೆ ಇನ್ನೊಂದಕ್ಕೆ ದಾಟಿಸುವುದನ್ನು 'ಫಿನಿಶ್' ಅಂತಾರೆ. ಸ್ಕಾಟ್‌ಲೆಂಡಿನ ಬಾಲ್ವೆನಿಯಲ್ಲಿ ಡೇವಿಡ್ ಸ್ಟುವರ್ಟ್ 1980ರ ದಶಕದಲ್ಲಿ ಇದನ್ನು ಜನಪ್ರಿಯ ಮಾಡಿದರು. ರಮ್ಮಿನವರೂ ಕಲಿತರು. ನಾನು ಕುಡಿದ ಡೂರ್ಲೀಸ್ ತಯಾರಾಗುವುದು ಬಾರ್ಬಡೋಸಿನ ಫೋರ್‌ಸ್ಕ್ವೇರ್ ಡಿಸ್ಟಿಲರಿಯಲ್ಲಿ. ಮೊದಲು ಬೂರ್ಬನ್ ಪೀಪಾಯಿ, ಆಮೇಲೆ ಒಲೊರೊಸೊ ಪೀಪಾಯಿ. ಫೋರ್‌ಸ್ಕ್ವೇರ್ ಇರುವ ಜಾಗವೂ ಹಿಂದೆ ಒಂದು ಸಕ್ಕರೆ ಕಾರ್ಖಾನೆಯೇ. ಈಗ ದ್ವೀಪದಲ್ಲಿ ಕಬ್ಬು ಎಷ್ಟು ಕಡಿಮೆಯಾಗಿದೆಯೆಂದರೆ ಕಾಕಂಬಿಯ ಬಹುಪಾಲು ಹೊರಗಿನಿಂದ ಬರಬೇಕು. ಡೋಸ್ ಮದೇರಾಸ್ ಎಂಬ ರಮ್ಮಿನದು ಉಲ್ಟಾ ಪ್ರಯಾಣ: ಕೆರಿಬಿಯನ್‌ನಲ್ಲಿ 5 ವರ್ಷ ಮಾಗಿ, ಹಡಗು ಹತ್ತಿ ಹೆರೆಸಿಗೇ ಹೋಗಿ, ಶೆರಿ ಪೀಪಾಯಿಯಲ್ಲಿ ಮತ್ತೆ ಮೂರು ಅಥವಾ ಐದು ವರ್ಷ ಕೂರುತ್ತದೆ.

ಸರಿ, ಇಂಥದ್ದನ್ನು ತೂಗಿ ನೋಡುವುದು ಹೇಗೆ? ಬಣ್ಣ ನೋಡಿ ಮೋಸ ಹೋಗಬೇಡಿ. ಕ್ಯಾರಮೆಲ್ ಹಾಕಿ ಎಷ್ಟು ಬೇಕಾದರೂ ಕಪ್ಪು ಮಾಡಬಹುದು. ವಯಸ್ಸಿನ ಅಂಕಿಯನ್ನೂ ಎರಡು ಸಲ ಓದಿ. ಪ್ರಾಮಾಣಿಕ ಲೇಬಲ್ಲಿನಲ್ಲಿ ಅದು ಬಾಟಲಿಯಲ್ಲಿರುವ ಅತಿ ಎಳೆಯ ರಮ್ಮಿನ ವಯಸ್ಸು. ದೊಡ್ಡ ಅಂಕಿಯ ಪಕ್ಕ 'ಸೊಲೆರಾ' ಅಂತಿದ್ದರೆ, ಹಳತಕ್ಕೆ ಹೊಸತು ಬೆರೆಸುತ್ತಾ ಹೋಗಿದ್ದಾರೆ ಎಂದರ್ಥ. ಆ ಅಂಕಿ ಹಿರಿಯಣ್ಣನದ್ದಿರಬಹುದು, ಕಿರಿತಮ್ಮನದ್ದಲ್ಲ.

ಎಲ್ಲಕ್ಕಿಂತ ದೊಡ್ಡ ಜಗಳ ಸಕ್ಕರೆಯದು. ಭಟ್ಟಿಯಲ್ಲಿ ಸಕ್ಕರೆ ಮೇಲೇರುವುದಿಲ್ಲ, ಹಾಗಾಗಿ ಇಳಿದ ರಮ್ಮಿನಲ್ಲಿ ಸಕ್ಕರೆ ಸೊನ್ನೆ. ಆದರೂ ಕೆಲವು 'ಪ್ರೀಮಿಯಂ' ರಮ್‌ಗಳು ಜಾಮೂನಿನ ಪಾಕದ ಹಾಗಿರುತ್ತವೆ. ಆಮೇಲೆ ಹಾಕಿದ್ದಾರೆ, ಹೇಳಿಲ್ಲ. ಇದನ್ನು ಹಿಡಿದ ರೀತಿ ನನ್ನಂಥವನಿಗೆ ಬಹಳ ಖುಷಿ ಕೊಟ್ಟಿತು. ಹೈಡ್ರೋಮೀಟರ್ ಅಳೆಯುವುದು ಸಾಂದ್ರತೆಯನ್ನು. ಆಲ್ಕೊಹಾಲ್ ಹೆಚ್ಚಿದ್ದರೆ ಸಾಂದ್ರತೆ ಕಡಿಮೆ, ಸಕ್ಕರೆ ಹಾಕಿದರೆ ಜಾಸ್ತಿ. ಲೇಬಲ್ಲಿನಲ್ಲಿ 40 ಅಂತಿದ್ದು ಹೈಡ್ರೋಮೀಟರ್ 36 ತೋರಿಸಿದರೆ, ನಡುವೆ ಏನೋ ಕರಗಿದೆ. ಪ್ರತಿ ಒಂದು ಅಂಕಿಗೆ ಲೀಟರಿಗೆ ಸುಮಾರು 4 ಗ್ರಾಂ ಸಕ್ಕರೆ ಅಂತ ಲೆಕ್ಕ. ಹವ್ಯಾಸಿಗಳು ಮನೆಯಲ್ಲೇ ಅಳೆದು ಪಟ್ಟಿ ಮಾಡಿದರು. ಸ್ವೀಡನ್, ಫಿನ್‌ಲೆಂಡ್ ದೇಶಗಳ ಸರ್ಕಾರಿ ಮದ್ಯದಂಗಡಿಗಳು ಸಕ್ಕರೆಯ ಪ್ರಮಾಣ ಪ್ರಕಟಿಸಿದವು. ಫೋರ್‌ಸ್ಕ್ವೇರಿನ ರಿಚರ್ಡ್ ಸೀಲ್ ಸಕ್ಕರೆ ಬೆರಕೆಯ ವಿರುದ್ಧ ವರ್ಷಗಟ್ಟಲೆ ಬಹಿರಂಗವಾಗಿ ಜಗಳ ಆಡಿದರು. ಈಗ ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಲೀಟರಿಗೆ 20 ಗ್ರಾಂ ಮಿತಿ ಇದೆ.

ಇನ್ನೊಂದು ಲೆಕ್ಕ ಸೆಕೆಯದು. ಪೀಪಾಯಿಯಿಂದ ಪ್ರತಿವರ್ಷ ಒಂದಿಷ್ಟು ಆವಿಯಾಗುತ್ತದೆ, ದೇವತೆಗಳ ಪಾಲು ಅಂತಾರೆ. ಸ್ಕಾಟ್‌ಲೆಂಡಿನಲ್ಲಿ ವರ್ಷಕ್ಕೆ ಶೇ. 2 ಅಂತಿಟ್ಟುಕೊಂಡರೆ 200 ಲೀಟರು ಹತ್ತು ವರ್ಷದಲ್ಲಿ 163 ಆಗುತ್ತದೆ. ಬಾರ್ಬಡೋಸಿನಲ್ಲಿ ಶೇ. 6 ಅಂತ ಹಿಡಿದರೆ 108. ನಮ್ಮ ಬೆಂಗಳೂರಿನಲ್ಲಿ ಶೇ. 10 ಹಿಡಿದರೆ ಉಳಿಯುವುದು ಬರೀ 70. ಅದಕ್ಕೇ ಇಲ್ಲಿನ ಅಮೃತ್ ಡಿಸ್ಟಿಲರಿಯವರು 8 ವರ್ಷ ಮಾಗಿಸಿದ ವಿಸ್ಕಿಗೆ 'ಗ್ರೀಡಿ ಏಂಜಲ್ಸ್', ಅಂದರೆ ದುರಾಸೆಯ ದೇವತೆಗಳು, ಅಂತ ಹೆಸರಿಟ್ಟರು. ಅವರೇ ಕೆರಿಬಿಯನ್ ರಮ್ಮಿಗೆ ನಮ್ಮ ಬೆಲ್ಲದ ರಮ್ ಬೆರೆಸಿ 'ಟೂ ಇಂಡೀಸ್' ಎಂಬುದನ್ನೂ ಮಾಡಿದ್ದಾರೆ. ಬಿಸಿ ನಾಡಿನ ಹತ್ತು ವರ್ಷವನ್ನು ತಂಪು ನಾಡಿನ ಹತ್ತು ವರ್ಷದ ಜೊತೆ ಹೋಲಿಸಬಾರದು, ಅಷ್ಟೇ.

ಈಗ ನಮ್ಮ ಪಂದ್ಯದ ತೀರ್ಪು. ಒಣದ್ರಾಕ್ಷಿ ಶೆರಿ ಪೀಪಾಯಿಯದು, ಗೆಳೆಯ ಗೆದ್ದ. ಬೆಲ್ಲದ ವಾಸನೆ? ಕಾಕಂಬಿ ಹುಳಿಯುವಾಗ ಹುಟ್ಟಿದ ಕೆಲವು ಪರಿಮಳಗಳು ಭಟ್ಟಿ ದಾಟಿ ಬರುತ್ತವೆ. ಉಳಿದದ್ದು ಸುಟ್ಟ ಮರದ್ದು. ಓಕ್ ಮರವನ್ನು ಬೆಂಕಿಗೆ ಒಡ್ಡಿದಾಗ ಅದರೊಳಗಿನ ನಾರಿನಿಂದ ಸಕ್ಕರೆ ಹುಟ್ಟಿ, ಅದೇ ಬೆಂಕಿಗೆ ಸುಟ್ಟು ಕ್ಯಾರಮೆಲ್ ಆಗುತ್ತದೆ. ಆಲೆಮನೆಯಲ್ಲೂ ಆಗುವುದು ಬೆಂಕಿ ಮತ್ತು ಸಕ್ಕರೆಯ ಜಗಳವೇ. ನಾನೂ ಸೋಲಲಿಲ್ಲ. ಇನ್ನು ರಮ್ಮಿನ ಬಗ್ಗೆ: ಶೆರಿ ಕೊಂಚ ಮುಂದೆ ನಿಂತು ಮಾತಾಡುತ್ತದೆ, ಆದರೆ ರಮ್ಮನ್ನು ಮುಚ್ಚಿಹಾಕುವುದಿಲ್ಲ. ಎರಡು ಹನಿ ನೀರು ಬಿದ್ದರೆ ಇನ್ನೂ ಬಿಚ್ಚಿಕೊಳ್ಳುತ್ತದೆ. ನಾಲಿಗೆ ಮೇಲೆ ಒಣ ಒಣ, ಅಂಟು ಸಿಹಿ ಇಲ್ಲ. ಇದು ನನಗೆ ಇಷ್ಟವಾಯಿತು.

ಮುಂದಿನ ಭಾನುವಾರ ಅಪ್ಪನಿಗೆ ಫೋನ್ ಮಾಡಿದಾಗ ಇದೆಲ್ಲ ಹೇಳಿದೆ, ಕುಡಿದದ್ದನ್ನು ಬಿಟ್ಟು. 'ಕಾಕಂಬಿಯಿಂದಾನಾ? ಅದನ್ನ ದನಕ್ಕೆ ಹಾಕ್ತಿದ್ವಲ್ಲೋ' ಅಂದ್ರು. ಬಾಟಲಿ ರೇಟು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕಬ್ಬಿನ ದುಡ್ಡು ಇನ್ನೂ ಬಂದಿಲ್ಲ' ಅಂದ್ರು. ಆಮೇಲೆ, 'ನೀನು ಕುಡೀಬೇಡ ಮಗಾ' ಅಂದ್ರು.

ಅವರು ಹಾಗೆ ಹೇಳುವುದಕ್ಕೆ ಕಾರಣ ಇದೆ. ನಮ್ಮ ದೊಡ್ಡಪ್ಪ ದಿನವಿಡೀ ಕಬ್ಬು ಕಡಿದು, ಸಂಜೆ ಪ್ಯಾಕೆಟ್ ಸಾರಾಯಿ ಕುಡಿದು ಕುಡಿದು, ನಲವತ್ತೈದು ತುಂಬುವ ಮೊದಲೇ ಹೋದರು. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈನಲ್ಲಿ, ಅಷ್ಟರಲ್ಲಿ ದೊಡ್ಡಮ್ಮನ ಮನೆಯಲ್ಲಿ ಫೋಟೋಕ್ಕೆ ಹಾರ ಬಿದ್ದು ಮೂರು ವರ್ಷವಾಗಿತ್ತು. ಅವರ ಪ್ಯಾಕೆಟ್ಟಿಗೂ ನನ್ನ ಲೋಟಕ್ಕೂ ಬೇರು ಒಂದೇ. ಅವರಿಗೆ ಅದನ್ನು ಮೂಸಿ ನೋಡುವಷ್ಟು ಬಿಡುವಿರಲಿಲ್ಲ, ನನಗಿದೆ. ಅದು ನನ್ನ ನಾಲಿಗೆಯ ಹೆಚ್ಚುಗಾರಿಕೆಯೇನಲ್ಲ, ಸಂಬಳದ್ದು.

ಹಾಗಂತ ಬಾಟಲಿ ಒಡೆದುಹಾಕಿ ಅಂತ ನಾನು ಹೇಳುತ್ತಿಲ್ಲ, ಕುಡಿಯಿರಿ ಅಂತಲೂ ಹೇಳುತ್ತಿಲ್ಲ. 'ಏಜ್ಡ್ ರಮ್, ಶೆರಿ ಫಿನಿಶ್' ಅಂತ ಯಾರಾದರೂ ಲೋಟ ಮುಂದೆ ಹಿಡಿದರೆ ಅದರ ವಯಸ್ಸನ್ನು ಹತ್ತು ಹನ್ನೆರಡು ವರ್ಷ ಅಂತ ಮಾತ್ರ ಲೆಕ್ಕ ಹಾಕಬೇಡಿ.

ರಮ್ ರುಚಿ ನೋಡುವವರು ಖಾಲಿ ಲೋಟವನ್ನು ತೊಳೆಯದೆ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೂಸಿ ನೋಡುತ್ತಾರೆ. ಅವತ್ತು ಗೆಳೆಯನ ಮನೆಯಲ್ಲೇ ಮಲಗಿದ್ದೆ. ಬೆಳಿಗ್ಗೆ ಎದ್ದು ಕಾಫಿಗೆ ನೀರಿಟ್ಟು, ಸಿಂಕಿನ ಪಕ್ಕ ಇದ್ದ ನನ್ನ ಲೋಟ ಎತ್ತಿಕೊಂಡೆ. ದ್ರಾಕ್ಷಿ, ಖರ್ಜೂರ ಎಲ್ಲ ಹೋಗಿತ್ತು. ಬೆಲ್ಲ ಮತ್ತು ಸುಟ್ಟ ಮರದ ವಾಸನೆ ಮಾತ್ರ ಹಾಗೇ ಇತ್ತು.