ಕೊಕ್ಕೊ ಕಾಯಿಯಿಂದ ಕಾಚಿಗೂಡದ ಅಡುಗೆಮನೆಗೆ

ಕಳೆದ ಜನವರಿಯಲ್ಲಿ ನಮ್ಮ ವೇದಿಕೆಯ ಸಂಕ್ರಾಂತಿ ಕೂಟಕ್ಕೆ ಒಬ್ಬೊಬ್ಬರೂ ಒಂದೊಂದು ತಿನಿಸು ತರಬೇಕೆಂದು ತೀರ್ಮಾನವಾದಾಗ, ಒಲೆ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕಿಲ್ಲದ್ದನ್ನೇ ನಾನು ಆರಿಸಿಕೊಂಡೆ. ಚಾಕಲೇಟಿನಲ್ಲಿ ಅದ್ದಿದ ಹಣ್ಣು. ಕೋಠಿಯ ತಳ್ಳುಗಾಡಿಯಿಂದ ಎರಡು ಡಬ್ಬಿ ಸ್ಟ್ರಾಬೆರಿ ತಂದೆ, ತೊಳೆದೆ, ಕರಗಿದ ಚಾಕಲೇಟಿಗೆ ಅದ್ದಿದೆ. ಮೂರನೆಯ ಹಣ್ಣಿಗೆಲ್ಲ ಪಾತ್ರೆಯಲ್ಲಿದ್ದ ಚಾಕಲೇಟು ಮರಳಿನಂತೆ ಗಂಟುಗಂಟಾಗಿ ನಿಂತಿತು. ಸೌಟು ಅಲ್ಲಾಡಲಿಲ್ಲ.

ಪಕ್ಕದಲ್ಲಿ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದ ನಮ್ಮ ಅತ್ತೆ ಒಮ್ಮೆ ಇಣುಕಿ ನೋಡಿ, "ನೀರು ಬಿದ್ದಿದೆ ಮಾರಾಯ್ತಿ. ಅದಕ್ಕೆ ನೀರು ಆಗುವುದಿಲ್ಲ. ಹಣ್ಣು ಒರೆಸಿದೆಯಾ?" ಎಂದರು. ಎಂ.ಟೆಕ್. ಮಾಡಿದವಳಿಗೆ ಗೊತ್ತಿಲ್ಲದ್ದು, ಚಾಕಲೇಟನ್ನೇ ತಿನ್ನದ ಅತ್ತೆಗೆ ಹೇಗೆ ಗೊತ್ತು? ನಾನು ರಾಯಚೂರಿನವಳು, ಅಡಿಕೆ ಮರ ಕಂಡದ್ದೇ ಮದುವೆಯಾದ ಮೇಲೆ. ಅವರು ವಿಟ್ಲದ ಹತ್ತಿರದವರು. ಅವತ್ತು ಸಂಜೆಯವರೆಗೆ ಅವರು ಹೇಳಿದ್ದನ್ನು ಕೇಳಿ, ನಂತರ ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಈ ಲೇಖನ.

ಇದನ್ನು ನಾವು ಯುರೋಪಿನ ತಿನಿಸು ಎಂದುಕೊಳ್ಳುತ್ತೇವೆ. ಆದರೆ ಕೊಕ್ಕೊ ಅಮೆರಿಕ ಖಂಡದ ಗಿಡ. ಮೆಕ್ಸಿಕೊ ಕಡೆಯ ಮಾಯಾ, ಅಜ್ಟೆಕ್ ಜನ ಅದರ ಬೀಜವನ್ನು ಅರೆದು ಪಾನೀಯ ಮಾಡಿ ಕುಡಿಯುತ್ತಿದ್ದರು. ನಾವು ತಿನ್ನುವ ದೊಡ್ಡ ಸ್ಟ್ರಾಬೆರಿಯ ಮೂಲವೂ ಅಲ್ಲಿಯೇ. ಫ್ರೆಜಿಯೆ ಎಂಬ ಫ್ರೆಂಚ್ ಅಧಿಕಾರಿ 1714ರಲ್ಲಿ ಚಿಲಿಯಿಂದ ತಂದ ಗಿಡ, ಉತ್ತರ ಅಮೆರಿಕದ ವರ್ಜೀನಿಯಾ ಸ್ಟ್ರಾಬೆರಿಯೊಡನೆ ಫ್ರಾನ್ಸಿನ ತೋಟಗಳಲ್ಲಿ ಬೆರೆತು ಇವತ್ತಿನ ಹಣ್ಣಾಯಿತು. ಅಂದರೆ ತಟ್ಟೆಯಲ್ಲಿರುವ ಎರಡೂ ವಲಸೆ ಬಂದವು. ಹೈದರಾಬಾದಿನ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಣ್ಣು ಅದ್ದಬೇಕಾದರೆ ಚಾಕಲೇಟು ಮೊದಲು ಗಟ್ಟಿಯಾಗಬೇಕು, ಬಳಿಕ ಕರಗಬೇಕು, ಮತ್ತೆ ಗಟ್ಟಿಯಾಗಬೇಕು. ಶತಮಾನಗಟ್ಟಲೆ ಕುಡಿಯುವ ವಸ್ತುವಾಗಿಯೇ ಉಳಿದಿದ್ದ ಅದಕ್ಕೆ ಈ ಗುಣ ಬಂದದ್ದು 19ನೆಯ ಶತಮಾನದಲ್ಲಿ. 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಮನೆತನದವರು ಬೀಜದ ಕೊಬ್ಬನ್ನು ಹಿಂಡಿ ಬೇರ್ಪಡಿಸುವ ಯಂತ್ರಕ್ಕೆ ಹಕ್ಕು ಪಡೆದರು. 1847ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಫ್ರೈ ಕಂಪೆನಿ ಕೊಕ್ಕೊ ಪುಡಿ, ಸಕ್ಕರೆಗೆ ಅದೇ ಕೊಬ್ಬನ್ನು ಮರಳಿ ಸೇರಿಸಿ ತಿನ್ನುವ ಅಚ್ಚು ಮಾಡಿತು. ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ 1875ರಲ್ಲಿ ಹಾಲು ಸೇರಿಸಿದ. 1879ರಲ್ಲಿ ಅದೇ ದೇಶದ ರೊಡಾಲ್ಫ್ ಲಿಂಟ್ ಗಂಟೆಗಟ್ಟಲೆ ತಿಕ್ಕಿ ತಿರುವಿ ನುಣುಪು ಮಾಡುವ ಕ್ರಮ ಕಂಡುಕೊಂಡ. ಒಂದರ್ಥದಲ್ಲಿ ನಮ್ಮ ವೆಟ್ ಗ್ರೈಂಡರಿನ ಕೆಲಸವೇ, ನೀರಿಲ್ಲದೆ! ಹಣ್ಣನ್ನು ಬಿಸಿ ಚಾಕಲೇಟಿಗೆ ಅದ್ದಿ ತಿನ್ನುವ ಫಾಂಡ್ಯೂ ಹೆಸರಾದದ್ದು ತೀರ ಈಚೆಗೆ, 1960ರ ದಶಕದಲ್ಲಿ, ನ್ಯೂಯಾರ್ಕಿನಲ್ಲಿ ಕೊನ್ರಾಡ್ ಎಗ್ಲಿ ಎಂಬ ಸ್ವಿಸ್ ಮನುಷ್ಯ ನಡೆಸುತ್ತಿದ್ದ ಹೋಟೆಲಿನಿಂದ.

ನಮ್ಮ ದೇಶಕ್ಕೆ ಕೊಕ್ಕೊ ಗಿಡವನ್ನು ಈಸ್ಟ್ ಇಂಡಿಯಾ ಕಂಪೆನಿಯವರು 1798ರಲ್ಲೇ ತಂದು ಕುತ್ತಾಲಂನಲ್ಲಿ ನೆಟ್ಟಿದ್ದರು. ಅದು ಬೆಳೆಯಾಗಿ ಹಬ್ಬಿದ್ದು 1960-70ರ ದಶಕಗಳಲ್ಲಿ, ಕೇರಳ ಮತ್ತು ದಕ್ಷಿಣ ಕನ್ನಡದ ತೋಟಗಳಲ್ಲಿ. ಕೊಕ್ಕೊಗೆ ನೆರಳು ಬೇಕು, ಅಡಿಕೆ ತೋಟದಲ್ಲಿ ನೆರಳಿಗೆ ಬರವಿಲ್ಲ. ವಿಟ್ಲದಲ್ಲೂ ಕಾಸರಗೋಡಿನಲ್ಲೂ ಇರುವ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾಲಯ ಇದನ್ನೇ ಉಪಬೆಳೆಯಾಗಿ ಶಿಫಾರಸು ಮಾಡಿತು.

ಅತ್ತೆ ಮದುವೆಯಾಗಿ ಆ ಮನೆಗೆ ಬಂದದ್ದು 1978ರಲ್ಲಿ. ಅಡಿಕೆಯ ಹಣ ವರ್ಷಕ್ಕೊಮ್ಮೆ ಬರುತ್ತಿತ್ತು, ಅದು ಮಾವನವರ ಕೈಗೆ. ಕೊಕ್ಕೊ ಹಾಗಲ್ಲ, ಹದಿನೈದು ದಿನಕ್ಕೊಮ್ಮೆ ಕಾಯಿ ಕೊಯ್ದು ಒಡೆದು, ಬಿಳಿ ಲೋಳೆ ಹತ್ತಿದ ಹಸಿ ಬೀಜವನ್ನು ತೂಗಿ ಕೊಟ್ಟರೆ ಕೈಗೆ ನೋಟು. ಕಾಯಿ ಒಡೆಯುವುದು ಹೆಂಗಸರ ಕೆಲಸ. ಆ ದುಡ್ಡಿನಲ್ಲಿ ಸ್ವಲ್ಪ ಅವರದು. "ನನ್ನದು ಅಂತ ಇದ್ದದ್ದು ಅದೊಂದೇ" ಎಂದರು ಅತ್ತೆ. ಅಂಥ ಹೊತ್ತಿನಲ್ಲಿ ವಿಶ್ವ ಮಾರುಕಟ್ಟೆಯಲ್ಲಿ ದರ ಕುಸಿಯಿತು, ಅವರ ಊರಿನಲ್ಲಿ ಬೀಜ ಕೊಳ್ಳುತ್ತಿದ್ದವರು ಬರುವುದನ್ನು ನಿಲ್ಲಿಸಿದರು. ಹಸಿ ಬೀಜ ಎರಡು ದಿನ ಇಟ್ಟರೆ ಹುಳಿ ವಾಸನೆ, ನಾಲ್ಕು ದಿನಕ್ಕೆ ಗೊಬ್ಬರದ ಗುಂಡಿ. ಮಾವ ಒಂದು ಬೆಳಿಗ್ಗೆ ಕತ್ತಿ ಹಿಡಿದು ಹೋದವರು ಅರ್ಧ ಗಿಡಗಳನ್ನು ಕಡಿದು ಬಂದರು. ಅತ್ತೆ ಎರಡು ದಿನ ಅವರೊಡನೆ ಮಾತಾಡಲಿಲ್ಲವಂತೆ. ಚಾಕಲೇಟು ಬಿಟ್ಟದ್ದೂ ಅಂದಿನಿಂದಲೇ.

ಉಳಿದರ್ಧ ಉಳಿದದ್ದು ಕ್ಯಾಂಪ್ಕೊದಿಂದ. ಅಡಿಕೆ ದರ ಬಿದ್ದು ಬೆಳೆಗಾರರು ಕಂಗೆಟ್ಟಿದ್ದಾಗ, ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಅದು. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಅದರ ಸದಸ್ಯರು, ಹಾಗಾಗಿ ಕಾಸರಗೋಡಿನ ಕನ್ನಡಿಗರದ್ದೂ ಹೌದು. ಕೊಕ್ಕೊ ಬಿಕ್ಕಟ್ಟು ಬಂದಾಗ ಬೆಳೆಗಾರರು ಅದರ ಬಾಗಿಲಿಗೇ ಹೋದರು, ಸಂಸ್ಥೆ ಬೀಜ ಕೊಳ್ಳತೊಡಗಿತು. ಕೊಂಡದ್ದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರ ಪುತ್ತೂರಿನ ಕೆಮ್ಮಿಂಜೆಯ ಕಾರ್ಖಾನೆ. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಜೈಲ್ ಸಿಂಗ್ ಬಂದು ಅದನ್ನು ಉದ್ಘಾಟಿಸಿದರು. ಮೋಡ ಕವಿದ ದಿನ, ಪುತ್ತೂರಿನಲ್ಲಿ ಜನವೋ ಜನ ಎಂಬುದು ಅತ್ತೆಯ ನೆನಪು. ಹಳ್ಳಿಯ ಕೃಷಿಕರು ಸೇರಿ ಚಾಕಲೇಟು ಕಾರ್ಖಾನೆ ಕಟ್ಟುವುದು ಸಣ್ಣ ಮಾತಲ್ಲ. ಎಷ್ಟೋ ಸ್ಟಾರ್ಟ್‌ಅಪ್ ಕಥೆಗಳನ್ನು ಕೇಳಿರುವ ನನಗೆ ಇದರಷ್ಟು ಗಟ್ಟಿಯಾದದ್ದು ನೆನಪಾಗುತ್ತಿಲ್ಲ.

ಅತ್ತೆಯ ನಾದಿನಿಯ ಮಗ ಆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಚಾಕಲೇಟಿಗೆ ನೀರಾಗದು ಎಂಬ ಜ್ಞಾನ ಬಂದದ್ದು ಅವನಿಂದ. ಚಾಕಲೇಟು ಅಂದರೆ ಕೊಬ್ಬಿನಲ್ಲಿ ತೇಲುವ ಸಕ್ಕರೆ ಮತ್ತು ಕೊಕ್ಕೊ ಕಣಗಳು. ಹನಿ ನೀರು ಬಿದ್ದರೆ ಸಕ್ಕರೆ ಒದ್ದೆಯಾಗಿ ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಆದ್ದರಿಂದ ಸೋದರಿಯರೇ, ಹಣ್ಣನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಹರಡಿ. 200 ಗ್ರಾಂ ಡಾರ್ಕ್ ಚಾಕಲೇಟಿನಲ್ಲಿ ಮುಕ್ಕಾಲು ಪಾಲನ್ನು ಬಿಸಿನೀರಿನ ಮೇಲಿಟ್ಟ ಒಣ ಪಾತ್ರೆಯಲ್ಲಿ ಕರಗಿಸಿ, ಕೆಳಗಿಳಿಸಿ, ಉಳಿದ ಕಾಲು ಪಾಲಿನ ಚೂರು ಹಾಕಿ ಕೈಯಾಡಿಸುತ್ತ ಆರಲು ಬಿಡಿ. ತುಟಿಗೆ ತಾಗಿಸಿದರೆ ತುಸು ತಣ್ಣಗೆ ಅನಿಸಬೇಕು, ಅಂದರೆ 31-32 ಡಿಗ್ರಿ. ಆಗ ಅದ್ದಿದರೆ ಮೇಲ್ಮೈ ಹೊಳೆಯುತ್ತದೆ, ಕಚ್ಚಿದರೆ ಟಪ್ಪೆನ್ನುತ್ತದೆ. ಅಂಗಡಿಯಲ್ಲಿ 'ಕಾಂಪೌಂಡ್' ಎಂದು ಸಿಗುವುದರಲ್ಲಿ ಕೊಕ್ಕೊ ಕೊಬ್ಬಿನ ಬದಲು ಬೇರೆ ಸಸ್ಯಜನ್ಯ ಕೊಬ್ಬು. ಅದಕ್ಕೆ ಈ ಹದದ ತಾಪತ್ರಯವಿಲ್ಲ, ರುಚಿಯೂ ಅಷ್ಟಕ್ಕಷ್ಟೆ. ಕೊಕ್ಕೊ ಕೊಬ್ಬು 34 ಡಿಗ್ರಿಯ ಆಸುಪಾಸಿನಲ್ಲೇ ಕರಗುವುದರಿಂದ ನಮ್ಮೂರಿನ ಏಪ್ರಿಲ್, ಮೇ ತಿಂಗಳಲ್ಲಿ ಈ ಸಾಹಸ ಬೇಡ.

ಸ್ಟ್ರಾಬೆರಿಯೇ ಆಗಬೇಕೆಂದೇನಿಲ್ಲ. ಒಣ ಅಂಜೂರ ಇದಕ್ಕೆ ಹೇಳಿ ಮಾಡಿಸಿದ್ದು, ನೀರಿನ ಭಯವೇ ಇಲ್ಲ. ಬಾಳೆಹಣ್ಣಿನ ಬಿಲ್ಲೆಯನ್ನು ಫ್ರೀಜರಿನಲ್ಲಿಟ್ಟು ಅದ್ದಿದರೆ ಮಕ್ಕಳಿಗೆ ಐಸ್‌ಕ್ರೀಮ್. ದ್ರಾಕ್ಷಿಯೂ ಸರಿ. ಅನಾಬ್-ಎ-ಶಾಹಿ ಎಂಬ ರಾಜಠೀವಿಯ ತಳಿಗೆ ಹೆಸರಾದ ಊರಿದು. 1935ರ ಮೊಅಜ್ಜಂ ಜಾಹಿ ಮಾರ್ಕೆಟ್ಟಿನಲ್ಲಿ ಒಂದು ಕಾಲಕ್ಕೆ ಹಣ್ಣಿನ ರಾಶಿಗಳಿದ್ದವು. ಹಣ್ಣಿನ ಸಗಟು ವ್ಯಾಪಾರ ಕೊತ್ತಪೇಟೆಗೆ, ಅಲ್ಲಿಂದಲೂ ಊರಾಚೆಯ ಬಾಟಸಿಂಗಾರಂಗೆ ಹೋಯಿತು, ಐಸ್‌ಕ್ರೀಮ್ ಅಂಗಡಿಗಳು ಉಳಿದವು.

ಎರಡನೆಯ ಸಲ ಮಾಡಿದ್ದು ಚೆನ್ನಾಗಿ ಬಂತು. ಅತ್ತೆ ಒಂದು ಅಂಜೂರ ತೆಗೆದುಕೊಂಡು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡರು. "ಸಿಹಿ ಜಾಸ್ತಿ" ಎಂದಷ್ಟೇ ಹೇಳಿದರು. ಇನ್ನೊಂದನ್ನು ತೆಗೆದುಕೊಂಡರು.

ಮುಂದಿನ ತಿಂಗಳು ಅವರ ತಮ್ಮ ಮಂಗಳೂರು-ಕಾಚಿಗೂಡ ರೈಲಿನಲ್ಲಿ ಬರುವಾಗ ಚೀಲದಲ್ಲಿ ಆರು ಕೊಕ್ಕೊ ಕಾಯಿ ತಂದರು. ಮಗಳು ಲೋಳೆ ಚೀಪಿ, "ಇದರಲ್ಲಿ ಚಾಕಲೇಟು ಎಲ್ಲಿದೆ?" ಎಂದು ಕೇಳಿದಳು. ಬೀಜಗಳನ್ನು ಬಾಳೆಲೆಯಲ್ಲಿ ಸುತ್ತಿ ಹುಳಿ ಬರಿಸಲು ಹೋಗಿ ಬೂಸ್ಟು ಹಿಡಿಸಿದೆ. ಆ ಕೆಲಸಕ್ಕೆ ಹೊರೆಗಟ್ಟಲೆ ಬೀಜ ಬೇಕಂತೆ, ಇಲ್ಲವಾದರೆ ಒಳಗೆ ಕಾವು ಏರುವುದಿಲ್ಲ. ಅತ್ತೆ ಮಾತ್ರ ಮೊದಲೇ ನಾಲ್ಕು ಬೀಜ ಎತ್ತಿಟ್ಟು ಬಾಲ್ಕನಿಯ ಕುಂಡದಲ್ಲಿ ಊರಿದ್ದರು. ಎರಡು ಮೊಳೆತಿವೆ. ಬಿಸಿಲು ತಾಗದಂತೆ ಅವಕ್ಕೆ ನನ್ನ ಹಳೆಯ ದುಪಟ್ಟಾ ಕಟ್ಟಿದ್ದಾರೆ.