ಅಜ್ಜಯ್ಯನ ಊರು, ಹರೆಯದ ಮನಸ್ಸು

ಉಕ್ಕಡಗಾತ್ರಿ ಅಂದ್ರೆ ನಮ್ಮ ಹರಿಹರದ ಕಡೆ ತುಂಗಭದ್ರೆ, ಕರಿಬಸವೇಶ್ವರ ಅಜ್ಜಯ್ಯ, ಆಮೇಲೆ 'ಗಾಳಿ ಬಿಡಿಸೋದು'. ಹರೆಯದ ಹುಡುಗಿ ಊಟ ಬಿಟ್ಟು ಮಂಕಾಗಿ ಕೂತರೂ ಮೊದಲು ಗಾಳಿಯದ್ದೇ ಅನುಮಾನ!

ಬೆಂಗಳೂರಲ್ಲಿ ನಿಮ್ಹಾನ್ಸ್ ಆಗಿದ್ದು 1974ರಲ್ಲಿ. ಅದೇ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ. 7.3 ಮಕ್ಕಳಿಗೆ ಮಾನಸಿಕ ತೊಂದರೆ ಕಂಡುಬಂತು. ಜಗತ್ತಿನಲ್ಲಿ 10ರಿಂದ 19ರವರಲ್ಲಿ ಏಳಕ್ಕೆ ಒಬ್ಬರಿಗೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಅಂದ್ರೆ ಇದು ನಮ್ಮೂರಿನ ಗಾಳಿಯಷ್ಟೇ ಅಲ್ಲ.

2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ರಕ್ತಹೀನತೆಯ ಜೊತೆ ಮನಸ್ಸನ್ನೂ ಲೆಕ್ಕಕ್ಕೆ ತಗೊಂಡಿತು. ನಾವು ತಗೊಂಡಿದ್ದೀವಾ?

ಅಜ್ಜಯ್ಯನಿಗೆ ಕಾಯಿ ಒಡೆಸಿ, ಬೇಡ ಅನ್ನಲ್ಲ. ಆದ್ರೆ ಡಾಕ್ಟರ ಹತ್ರ ಹೋಗೋದನ್ನ ಮುಂದಿನ ಅಮಾವಾಸ್ಯೆಗೆ ಮುಂದೂಡಬೇಡಿ. ಹರೆಯ ಕಾಯಲ್ಲ...