ಹಣವಿತ್ತು, ಸುದ್ದಿ ಮುಟ್ಟಿರಲಿಲ್ಲ

ಹಾರ್ವರ್ಡಿಗೆ ಬಡ ವಿದ್ಯಾರ್ಥಿಗೆಂದು ಮೊದಲ ದತ್ತಿ ಬಂದದ್ದು 1643ರಲ್ಲಿ. ಕೊಟ್ಟವರು ಲಂಡನ್ನಿನ ವಿಧವೆ ಆನ್ ರ‍್ಯಾಡ್‌ಕ್ಲಿಫ್; ಮೊತ್ತ 100 ಪೌಂಡ್. ಅಲ್ಲಿಂದ ಮುನ್ನೂರು ವರ್ಷ ಅಮೆರಿಕದ ದೊಡ್ಡ ಕಾಲೇಜುಗಳಲ್ಲಿ ನೆರವೆಂದರೆ ಬಹುಪಾಲು ದಾನಿಗಳ ಮರ್ಜಿ. 1954ರಲ್ಲಿ ಕಾಲೇಜುಗಳ ಒಕ್ಕೂಟವಾದ ಕಾಲೇಜ್ ಬೋರ್ಡ್ ಇದಕ್ಕೊಂದು ಲೆಕ್ಕಾಚಾರ ತಂದಿತು. ಮನೆಯ ಆದಾಯ, ಆಸ್ತಿ, ಓದುವ ಮಕ್ಕಳೆಷ್ಟು ಎಂದು ನೋಡಿ ತಂದೆತಾಯಿ ಎಷ್ಟು ಕೊಡಬಲ್ಲರೆಂದು ಗೊತ್ತುಮಾಡುವುದು, ಕಡಿಮೆ ಬಿದ್ದದ್ದನ್ನು ನೆರವಿನಿಂದ ತುಂಬುವುದು. 1972ರಲ್ಲಿ ಕೇಂದ್ರ ಸರ್ಕಾರದ ಅನುದಾನ ಜತೆಗೂಡಿತು. ಪೆಲ್ ಗ್ರಾಂಟ್ ಎಂದು ಈಗ ಕರೆಯುವುದು ಅದನ್ನೇ.

ಆದರೆ ಆ ನೆರವಿನಲ್ಲಿ ಸಾಲದ ಪಾಲೂ ಇತ್ತು. ಓದು ಮುಗಿಸಿದ ಬಡವರ ಮಕ್ಕಳು ಸಾಲ ಹೊತ್ತೇ ಹೊರಬೀಳುತ್ತಿದ್ದರು. 2001ರಲ್ಲಿ ಪ್ರಿನ್ಸ್‌ಟನ್ ಸಾಲದ ಬದಲು ಪೂರ್ತಿ ಅನುದಾನವನ್ನೇ ಕೊಡತೊಡಗಿತು. ನನ್ನ ಪ್ರಕಾರ ಈ ಚರಿತ್ರೆಯ ಅತಿ ದೊಡ್ಡ ಹೆಜ್ಜೆ ಅದೇ. 2004ರಲ್ಲಿ ಹಾರ್ವರ್ಡ್, ವರ್ಷಕ್ಕೆ 40,000 ಡಾಲರಿಗಿಂತ ಕಡಿಮೆ ಆದಾಯದ ಮನೆಯವರು ಏನೂ ಕೊಡಬೇಕಿಲ್ಲ ಎಂದಿತು. 2025ರ ಹೊತ್ತಿಗೆ ಆ ಮಿತಿ 1,00,000 ಡಾಲರಿಗೆ ಏರಿದೆ.

ಇಷ್ಟಾದರೂ ಬಡವರ ಮಕ್ಕಳು ಹೆಚ್ಚು ಸಂಖ್ಯೆಯಲ್ಲಿ ಬರಲಿಲ್ಲ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದ 38 ಕಾಲೇಜುಗಳಲ್ಲಿ ತೀರಾ ಶ್ರೀಮಂತರಾದ ಶೇ 1ರಷ್ಟು ಕುಟುಂಬಗಳ ಮಕ್ಕಳು, ಕೆಳಗಿನ ಶೇ 60ರಷ್ಟು ಕುಟುಂಬಗಳ ಮಕ್ಕಳಿಗಿಂತ ಹೆಚ್ಚಿದ್ದರು. ಯಾಕೆ ಹೀಗೆ? ಅರ್ಥಶಾಸ್ತ್ರಜ್ಞರಾದ ಕ್ಯಾರೊಲಿನ್ ಹಾಕ್ಸ್‌ಬಿ ಮತ್ತು ಕ್ರಿಸ್ಟೋಫರ್ ಏವರಿ 2013ರಲ್ಲೇ ಒಂದು ಕಾರಣ ತೋರಿಸಿದ್ದರು: ಬಹಳ ಚೆನ್ನಾಗಿ ಓದುವ ಬಡ ಮಕ್ಕಳಲ್ಲಿ ಹೆಚ್ಚಿನವರು ಇಂಥ ಕಾಲೇಜುಗಳಿಗೆ ಅರ್ಜಿಯನ್ನೇ ಹಾಕುತ್ತಿರಲಿಲ್ಲ.

ಮಿಶಿಗನ್ ವಿಶ್ವವಿದ್ಯಾಲಯ 2015ರಲ್ಲಿ ಮಾಡಿದ ಪ್ರಯೋಗ ಇಲ್ಲಿ ಕಣ್ಣು ತೆರೆಸುವಂಥದ್ದು. ರಾಜ್ಯದ ಪ್ರತಿಭಾವಂತ ಬಡ ವಿದ್ಯಾರ್ಥಿಗಳ ಮನೆಗೆ ಬಣ್ಣದ ದೊಡ್ಡ ಲಕೋಟೆ ಹೋಯಿತು. ಪೋಷಕರಿಗೆ, ಶಾಲೆಯ ಮುಖ್ಯಸ್ಥರಿಗೂ ಪತ್ರ ಹೋಯಿತು. ಸೀಟು ಸಿಕ್ಕರೆ ನಾಲ್ಕು ವರ್ಷ ಶುಲ್ಕವಿಲ್ಲ, ನೆರವಿಗೆಂದು ಫಾರ್ಮು ತುಂಬಬೇಕಿಲ್ಲ ಎಂಬ ಖಚಿತ ಭರವಸೆ ಅದರಲ್ಲಿತ್ತು. ಪತ್ರ ಬಂದವರಲ್ಲಿ ಶೇ 68 ಮಂದಿ ಅರ್ಜಿ ಹಾಕಿದರು. ಬಾರದವರಲ್ಲಿ ಶೇ 26. ಸೇರಿದವರ ಪ್ರಮಾಣವೂ ಎರಡು ಪಟ್ಟು ದಾಟಿತು. ಇವರಲ್ಲಿ ಬಹುಪಾಲು ಮಂದಿಗೆ ಪತ್ರವಿಲ್ಲದೆಯೂ ಹೆಚ್ಚುಕಡಿಮೆ ಅಷ್ಟೇ ನೆರವು ಸಿಗುತ್ತಿತ್ತು. ಅದು ಮೊದಲೇ ಗೊತ್ತಾಗಿದ್ದರಿಂದ ಮಕ್ಕಳಿಗೆ ಧೈರ್ಯ ಬಂತು.

ಸೇರಿದ ಮೇಲಿನ ಕಷ್ಟ ಬೇರೆ. ರಜೆಯಲ್ಲಿ ಕ್ಯಾಂಪಸ್ಸಿನ ಮೆಸ್ ಮುಚ್ಚಿದಾಗ, ಊರಿಗೆ ಹೋಗಲು ದುಡ್ಡಿಲ್ಲದ ವಿದ್ಯಾರ್ಥಿಗಳು ಹಸಿದು ಉಳಿಯುವುದನ್ನು ಸಮಾಜಶಾಸ್ತ್ರಜ್ಞ ಆ್ಯಂಟನಿ ಏಬ್ರಹಾಂ ಜಾಕ್ 2019ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಶುಲ್ಕ ಮನ್ನಾ ಮಾಡಿದವರು ಊಟದ ಲೆಕ್ಕವನ್ನೂ ಇಡಬೇಕಿತ್ತು.

ನಮ್ಮ ಪಿಯುಸಿ ಮಕ್ಕಳಿಗೂ ಇದು ಸಂಬಂಧಿಸಿದ್ದೇ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ಗಳಲ್ಲಿ ಪದವಿಗೆ ಅರ್ಜಿ ಹಾಕುವ ವಿದೇಶಿ ವಿದ್ಯಾರ್ಥಿಗಳ ಆಯ್ಕೆಗೂ ಮನೆಯ ಹಣಕಾಸು ಅಡ್ಡಬರುವುದಿಲ್ಲ. ಆಯ್ಕೆಯಾದರೆ ಅಗತ್ಯವಿದ್ದಷ್ಟೂ ನೆರವು ಸಿಗುತ್ತದೆ. ಸೀಟು ಸಿಗುವುದು ಬಲು ಕಷ್ಟ, ನಿಜ. ಆದರೆ ಅರ್ಜಿ ಶುಲ್ಕಕ್ಕೂ ವಿನಾಯಿತಿ ಕೇಳಬಹುದು. ಹಳ್ಳಿಯ ಕಾಲೇಜುಗಳ ಉಪನ್ಯಾಸಕರೇ, ದಯವಿಟ್ಟು ಈ ಸಂಗತಿಯನ್ನು ನಿಮ್ಮ ಚುರುಕಾದ ಮಕ್ಕಳ ಕಿವಿಗೆ ಹಾಕಿ.